ದೂರದರ್ಶನದ ‘ತಮಸ್’ : ಒಂದು ಮರುನೋಟ

ಮೊನ್ನೆ ಸಂಘದ ವಾಚನಾಲಯದಲ್ಲಿ ನಾಲ್ಕಾರು ಜನ ಕೂತು, ಬರುವ ತಿಂಗಳ ಚಿತ್ರಪ್ರದರ್ಶನಕ್ಕೆ ಯಾವುದನ್ನು ಹಾಕಿದರೆ ಜನ ಬಂದಾರು ಎಂದು ಮಾತಾಡುತ್ತಿದ್ದಾಗ ನಾವು ‘ತಮಸ್’ ಎಂದುಬಿಟ್ಟೆವು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯರೊಬ್ಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಅಲ್ಲಪ್ಪ, ಅದು ಪಂಜಾಬಿನವರ ಕಥೆ. ನಮಗೇನು ಬಂತು? ಹಳೇ ಗಾಯ ಯಾಕೆ ಕೆರೀತೀರಿ? ಒಂದು ಒಳ್ಳೇ ಹಾಸ್ಯದ ಚಿತ್ರ ಹಾಕಿ, ಹೆಂಗಸರು ಮಕ್ಕಳು ಬರ್ತಾರೆ” ಎಂದರು. ಅವರ ಬಗ್ಗೆ ನಮಗೆ ಗೌರವವಿದೆ. ಆದರೆ ಆ ಎರಡು ಪ್ರಶ್ನೆಗಳು ಮನೆಯವರೆಗೂ ನಮ್ಮನ್ನು ಹಿಂಬಾಲಿಸಿ ಬಂದವು. ಪಂಜಾಬಿನವರ ಕಥೆ ನಮಗೇನು ಬಂತು? ಹಳೆಯ ಗಾಯವನ್ನು ಕೆರೆಯುವುದೇಕೆ? ಈ ಲೇಖನ ಅವರಿಗೆ ಕೊಡುತ್ತಿರುವ ಉತ್ತರ ಎಂದು ತಿಳಿಯಬಹುದು. ವಾಚನಾಲಯದಲ್ಲಿ ಎದುರು ಮಾತಾಡುವ ಧೈರ್ಯವಾಗಲಿಲ್ಲ, ಬರೆಯುವ ಧೈರ್ಯ ಮಾಡಿದ್ದೇವೆ.

‘ತಮಸ್’ ದೂರದರ್ಶನದಲ್ಲಿ ಮೊದಲು ಬಂದದ್ದು 1988ರ ಜನವರಿಯಲ್ಲಿ. ನಮಗಾಗ ಏಳು ವರ್ಷ. ನೇತಾಜಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಮ್ಮ ವಾಸ. ಆ ಕ್ವಾರ್ಟರ್ಸುಗಳನ್ನೆಲ್ಲ ಈಗ ಕೆಡವಿದ್ದಾರೆ, ನಮ್ಮ ಮನೆ ಇದ್ದ ಜಾಗ ಇಂಥದೇ ಎಂದು ಬೆರಳಿಟ್ಟು ತೋರಿಸಲೂ ಬರುವುದಿಲ್ಲ. ಟಿ.ವಿ. ಎಂದರೆ ಆಗ ದೂರದರ್ಶನ ಒಂದೇ. ದೇಶಕ್ಕೆ ದೇಶವೇ ಒಂದೇ ಹೊತ್ತಿಗೆ ಒಂದೇ ಚಿತ್ರವನ್ನು ನೋಡುತ್ತಿದ್ದ ಕಾಲ ಅದು. ಭಾನುವಾರ ಬೆಳಗ್ಗೆ ರಾಮಾನಂದ ಸಾಗರರ ‘ರಾಮಾಯಣ’. ಅಕ್ಕಪಕ್ಕದವರೆಲ್ಲ ಸ್ನಾನ ಮಾಡಿ ಬಂದು ಚಾಪೆಯ ಮೇಲೆ ಕೂರುತ್ತಿದ್ದರು, ಒಂದು ಮನೆಯಲ್ಲಿ ಪೆಟ್ಟಿಗೆಗೇ ಹೂವಿನ ಹಾರ ಬೀಳುತ್ತಿತ್ತು. ಅದಕ್ಕೆ ಮುಂಚೆ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಬಂದು, ಆಗುಂಬೆಯ ಬೀದಿಯನ್ನು ಹಿಂದಿಯಲ್ಲಿ ಮಾತಾಡಿಸಿ, ನಮ್ಮ ತಾಯಿಯವರು ನೆರೆಹೊರೆಯ ಪಂಜಾಬಿ ಹೆಂಗಸರ ಮುಂದೆ ತಲೆಯೆತ್ತಿ ನಡೆಯುವಂತೆ ಮಾಡಿತ್ತು. ‘ಬುನಿಯಾದ್’ ಕೂಡ ಆಗಿಹೋಗಿತ್ತು. ದೇಶವಿಭಜನೆಯ ಕಥೆಯನ್ನು ರಮೇಶ್ ಸಿಪ್ಪಿಯವರು ಅದರಲ್ಲಿ ಹೇಳಿದ್ದರು ನಿಜ, ಆದರೆ ಅದು ಮನೆತನದ ಕಥೆ. ಮಗ ಮನೆ ಬಿಟ್ಟ, ತಾಯಿ ಅತ್ತಳು, ಕಷ್ಟಪಟ್ಟು ಮತ್ತೆ ಮನೆ ಕಟ್ಟಿದರು. ಕೊಂದವರು ಯಾರು, ಕೊಲ್ಲಿಸಿದವರು ಯಾರು ಎಂಬ ಪ್ರಶ್ನೆಯನ್ನು ಅದು ಬಾಗಿಲಾಚೆಯೇ ನಿಲ್ಲಿಸಿತ್ತು. ‘ತಮಸ್’ ಆ ಪ್ರಶ್ನೆಯನ್ನು ಒಳಗೆ ಕರೆದು ಕೂರಿಸಿತು.

ಕಾದಂಬರಿ ಬರೆದವರು ಭೀಷ್ಮ ಸಾಹನಿ. ರಾವಲ್ಪಿಂಡಿಯವರು, ನಟ ಬಲರಾಜ್ ಸಾಹನಿಯವರ ತಮ್ಮ. ವಿಭಜನೆಯ ನಂತರ ದಿಲ್ಲಿಗೆ ಬಂದು, ಇಲ್ಲಿನ ಕಾಲೇಜಿನಲ್ಲಿ ಪಾಠ ಹೇಳಿ, ಇಲ್ಲೇ 2003ರಲ್ಲಿ ತೀರಿಕೊಂಡರು. 1947ರ ಮಾರ್ಚಿಯಲ್ಲಿ ರಾವಲ್ಪಿಂಡಿ ಜಿಲ್ಲೆಯಲ್ಲಿ ನಡೆದದ್ದನ್ನು ಅವರು ಕಣ್ಣಾರೆ ಕಂಡವರು, ಪರಿಹಾರ ಸಮಿತಿಯಲ್ಲಿ ಕೆಲಸ ಮಾಡಿದವರು. ಆದರೆ ಬರೆದದ್ದು ಇಪ್ಪತ್ತೈದು ವರ್ಷಗಳ ಮೇಲೆ, 1970ರ ಭಿವಂಡಿ ಗಲಭೆಯ ನಂತರ ಆ ಊರನ್ನು ಹೋಗಿ ನೋಡಿ ಬಂದ ಬಳಿಕ. ಸುಟ್ಟ ಮಗ್ಗಗಳ ನಡುವೆ ನಡೆಯುವಾಗ ಅವರಿಗೆ ರಾವಲ್ಪಿಂಡಿ ನೆನಪಾಯಿತಂತೆ. ಗಾಯವನ್ನು ಕೆರೆದವರು ಯಾರು ಎಂದು ನಮ್ಮ ಹಿರಿಯರು ಕೇಳಿದರೆ, ಭಿವಂಡಿಯೇ ಕೆರೆಯಿತು ಎನ್ನಬೇಕು. ಗಾಯ ಒಣಗಿತ್ತೆಂದು ಯಾರು ಹೇಳಿದರು? ಕಾದಂಬರಿ ಅಚ್ಚಾದದ್ದು 1974ರಲ್ಲಿ, ಮರುವರ್ಷ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಇನ್ನು ‘ನಮಗೇನು ಬಂತು’ ಎಂಬ ಮಾತು. ನಿರ್ದೇಶಕ ಗೋವಿಂದ ನಿಹಲಾನಿಯವರು ಕರಾಚಿಯಲ್ಲಿ ಹುಟ್ಟಿ, ಏಳು ವರ್ಷದ ಬಾಲಕನಾಗಿ ಈ ಕಡೆಗೆ ಬಂದ ಸಿಂಧಿ. ಕ್ಯಾಮೆರಾ ಹಿಡಿಯಲು ಕಲಿತದ್ದು ಮಾತ್ರ ನಮ್ಮ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ. ಅಲ್ಲಿಂದ ಬೊಂಬಾಯಿಗೆ ಹೋಗಿ ಸಹಾಯಕರಾಗಿ ಸೇರಿದ್ದು ಮೈಸೂರಿನ ವಿ.ಕೆ. ಮೂರ್ತಿಯವರ ಕೈಕೆಳಗೆ. ಮೂರ್ತಿಯವರು ಅದೇ ಪಾಲಿಟೆಕ್ನಿಕ್ಕಿನ ಹಿಂದಿನ ವಿದ್ಯಾರ್ಥಿ, ಗುರುದತ್ತರ ‘ಕಾಗಜ್ ಕೇ ಫೂಲ್’ ಚಿತ್ರದಲ್ಲಿ ಬೆಳಕಿನ ಕೋಲನ್ನು ನೆಟ್ಟವರು, 2008ನೆಯ ಸಾಲಿನ ಫಾಲ್ಕೆ ಪ್ರಶಸ್ತಿ ಪಡೆದವರು. ಗಿರೀಶ ಕಾರ್ನಾಡರ ‘ಕಾಡು’ (1973) ಚಿತ್ರಕ್ಕೆ ಕ್ಯಾಮೆರಾ ಹಿಡಿದವರು ಇದೇ ನಿಹಲಾನಿ. ಎರಡು ಹಳ್ಳಿಗಳ ದ್ವೇಷವನ್ನು ಕಿಟ್ಟಿಯೆಂಬ ಹುಡುಗನ ಕಣ್ಣಿನಿಂದ ತೋರಿಸಿದ ಚಿತ್ರ ಅದು. ಮುಂದೆ ‘ತಮಸ್’ಗೆ ನಿಹಲಾನಿಯವರ ಜೊತೆಗೆ ಗುರು ಮೂರ್ತಿಯವರೇ ಛಾಯಾಗ್ರಹಣಕ್ಕೆ ನಿಂತರು. ಶಿಷ್ಯನ ಚಿತ್ರಕ್ಕೆ ಗುರು ಬೆಳಕು ಹಿಡಿದ ಸಂಗತಿ ಇದು. ಮೊದಲ ದೃಶ್ಯದ ಆ ಕತ್ತಲ ಕೊಠಡಿ, ಎಣ್ಣೆ ದೀಪದ ಆ ಮಂಕು ಬೆಳಕು ನಮ್ಮ ಮೈಸೂರಿನವರ ಕೈಯಿಂದಲೂ ಬಂದದ್ದು ಎಂದು ತಿಳಿದಾಗ ನಮಗೆ ಸಂತೋಷವಾಯಿತು, ಸುಳ್ಳೇಕೆ ಹೇಳಬೇಕು. ಆದರೆ ಅದಷ್ಟೇ ಕಾರಣವಾದರೆ ಈ ಲೇಖನ ಬೇಡ, ಅಭಿನಂದನಾ ಪತ್ರ ಸಾಕು.

ಕಥೆ ಬಹುಮಂದಿಗೆ ಗೊತ್ತಿರಬಹುದು. ಚರ್ಮ ಹದಮಾಡುವ ಕಸುಬಿನ ನತ್ಥುವಿಗೆ ಒಬ್ಬ ದೊಡ್ಡ ಮನುಷ್ಯ ಐದು ರೂಪಾಯಿನ ನೋಟು ಕೊಟ್ಟು, ದನದ ಡಾಕ್ಟರಿಗೆ ಬೇಕಾಗಿದೆ, ಒಂದು ಹಂದಿ ಕೊಂದು ಕೊಡು ಎನ್ನುತ್ತಾನೆ. ನತ್ಥು ಹಂದಿ ಕೊಂದವನೇ ಅಲ್ಲ. ರಾತ್ರಿಯೆಲ್ಲ ಹೆಣಗಾಡುತ್ತಾನೆ. ಬೆಳಗ್ಗೆ ಆ ಹಂದಿ ಮಸೀದಿಯ ಮೆಟ್ಟಿಲ ಮೇಲೆ ಬಿದ್ದಿರುತ್ತದೆ. ಊರು ಹತ್ತಿಕೊಳ್ಳುತ್ತದೆ. ಓಂ ಪುರಿಯವರ ಆ ಬೆವರು, ಆ ಏದುಸಿರು ನೋಡಿದವರು ಮರೆಯುವುದಿಲ್ಲ. ನಿಹಲಾನಿಯವರು ಆ ಕೊಲೆಯನ್ನು ಬೇಗ ಮುಗಿಸುವುದೇ ಇಲ್ಲ. ಈಗಿನ ಚಿತ್ರಗಳಲ್ಲಿ ನಿಮಿಷಕ್ಕೆ ಹತ್ತು ಜನ ಸಾಯುತ್ತಾರೆ, ನಮಗೆ ಏನೂ ಆಗುವುದಿಲ್ಲ. ಇಲ್ಲಿ ಒಂದು ಹಂದಿ ಸಾಯಲು ತೆಗೆದುಕೊಳ್ಳುವ ಹೊತ್ತಿನಲ್ಲಿ ನಮ್ಮ ಹೊಟ್ಟೆ ತೊಳಸುತ್ತದೆ. ಇದೇ ಪಾಠ ಮತ್ತೊಂದು ಕಡೆ ಬರುತ್ತದೆ. ಒಬ್ಬ ಎಳೆಯ ಹುಡುಗನಿಗೆ ಮನಸ್ಸು ಗಟ್ಟಿಮಾಡಿಕೋ ಎಂದು ಗುರುವೊಬ್ಬ ಕೋಳಿ ಕೊಯ್ಯಿಸುತ್ತಾನೆ. ಹುಡುಗ ಮೊದಲು ವಾಂತಿ ಮಾಡುತ್ತಾನೆ, ಆಮೇಲೆ ಕಲಿಯುತ್ತಾನೆ. ಆ ಹುಡುಗರ ಗುಂಪಿಗೆ ಕೊನೆಗೆ ಬಲಿಯಾಗುವವನು ಬೀದಿಯಲ್ಲಿ ಅತ್ತರು ಮಾರುವ ಒಬ್ಬ ಮುದುಕ. ಆ ದೃಶ್ಯ ಬಂದಾಗ ನಮ್ಮ ಮಗ ಎದ್ದು ಅಡಿಗೆಮನೆಗೆ ಹೋದ, ನಾವು ತಡೆಯಲಿಲ್ಲ.

ಆದರೆ ನಮ್ಮ ದೃಷ್ಟಿಯಲ್ಲಿ ‘ತಮಸ್’ನ ಜೀವಾಳ ಇರುವುದು ಒಂದು ಟ್ರಂಕಿನಲ್ಲಿ. ಹಳ್ಳಿಯಲ್ಲಿ ಚಹದ ಅಂಗಡಿ ಇಟ್ಟ ಹರನಾಮ್ ಸಿಂಗ್ ಮತ್ತು ಅವನ ಹೆಂಡತಿ ಬಂತೋ, ಗಲಭೆಯವರು ಬರುತ್ತಾರೆಂದು ಕೇಳಿ ರಾತ್ರೋರಾತ್ರಿ ಓಡುತ್ತಾರೆ. ಹರನಾಮ್ ಸಿಂಗನಾಗಿ ಸ್ವತಃ ಭೀಷ್ಮ ಸಾಹನಿಯವರು, ಬಂತೋ ಆಗಿ ದೀನಾ ಪಾಠಕ್. ಬೆಳಗಾಗುವಾಗ ಗೊತ್ತಿಲ್ಲದ ಊರಿನ ಒಂದು ಬಾಗಿಲು ತಟ್ಟುತ್ತಾರೆ. ಅದು ಮುಸಲ್ಮಾನರ ಮನೆ. ಗಂಡಸರು ಹೊರಗೆ ಲೂಟಿಗೆ ಹೋಗಿದ್ದಾರೆ. ಮನೆಯ ಯಜಮಾನಿ ರಾಜೋ ಬಾಗಿಲಲ್ಲಿ ನಿಂತು ಒಂದು ಕ್ಷಣ ಯೋಚಿಸುತ್ತಾಳೆ, ಆಮೇಲೆ ಒಳಗೆ ಕರೆದು ಅಟ್ಟದ ಮೇಲೆ ಬಚ್ಚಿಡುತ್ತಾಳೆ. ಗಂಡಸರು ತಂದ ಲೂಟಿಯ ಟ್ರಂಕಿನ ಬೀಗ ಒಡೆಯಲು ಹೊರಟಾಗ, ಅದು ತನ್ನದೇ ಎಂದು ಹರನಾಮ್ ಸಿಂಗನಿಗೆ ಗೊತ್ತಾಗುತ್ತದೆ. ಅವನು ಸಿಟ್ಟಾಗುವುದಿಲ್ಲ. ಬೀಗ ಒಡೆಯಬೇಡಿ, ಕೀಲಿಕೈ ನನ್ನ ಹತ್ತಿರವಿದೆ ಎಂದು ಕೊಡುತ್ತಾನೆ. ಕೊನೆಗೆ ಕತ್ತಲಲ್ಲಿ ಅವರನ್ನು ಊರಾಚೆ ದಾಟಿಸಿ, ಟ್ರಂಕಿನಲ್ಲಿ ಸಿಕ್ಕ ಒಡವೆಯನ್ನು ರಾಜೋ ಬಂತೋಳ ಕೈಗೆ ಹಾಕುತ್ತಾಳೆ. ರಾಜೋ ಪಾತ್ರಕ್ಕೆ ಸುರೇಖಾ ಸೀಕ್ರಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ನಮ್ಮ ಮನೆಯವರು ಅವರನ್ನು ‘ಬಾಲಿಕಾ ವಧು’ವಿನ ಅಜ್ಜಿಯೆಂದೇ ಬಲ್ಲವರು. ಇಲ್ಲಿ ನೋಡಿ, “ಇವರೇನಾ ಅವರು!” ಎಂದು ಸುಮ್ಮನಾದರು. ರಾಜೋ ದೇವತೆಯಲ್ಲ. ಮನೆಗೆ ಬಂದ ಲೂಟಿಯ ಮಾಲನ್ನು ಅವಳೇನೂ ಬೀದಿಗೆ ಎಸೆಯುವುದಿಲ್ಲ. ಗಂಡ ಮಕ್ಕಳನ್ನು ಬಿಟ್ಟುಕೊಡುವುದೂ ಇಲ್ಲ. ಆದರೂ ಬಾಗಿಲು ತೆರೆಯುತ್ತಾಳೆ. ಅಷ್ಟೇ ಅವಳ ರಾಜಕೀಯ.

ಈಗ ನಮ್ಮ ಮನೆಯ ಮಾತೊಂದನ್ನು ಹೇಳಬೇಕು. 1984ರ ಅಕ್ಟೋಬರ್ 31ರ ಸಂಜೆ ಏಮ್ಸ್ ಸುತ್ತಮುತ್ತ ಗಲಭೆ ಶುರುವಾಯಿತಷ್ಟೆ. ನಮ್ಮ ಕ್ವಾರ್ಟರ್ಸು ಅಲ್ಲಿಗೆ ದೂರವಲ್ಲ. ಮೇಲಿನ ಮನೆಯಲ್ಲಿ ಒಂದು ಸಿಖ್ ಕುಟುಂಬ, ಯಜಮಾನರು ಬೇರೊಂದು ಇಲಾಖೆಯ ನೌಕರರು. ಮರುದಿನ ಬೆಳಗ್ಗೆ ಅವರು ಕೆಳಗಿಳಿದು ಬಂದು ನಮ್ಮ ತಂದೆಯವರನ್ನು ಕೇಳಿದರು. ಏನು ಕೇಳಿದರೆಂಬುದನ್ನು ನಮ್ಮ ತಾಯಿಯವರು ಎರಡು ರೀತಿ ಹೇಳುತ್ತಾರೆ. ಒಮ್ಮೆ, ಟ್ರಂಕು ಇಟ್ಟುಕೊಳ್ಳಿ ಎಂದು ಕೇಳಿದರು ಎನ್ನುತ್ತಾರೆ. ಇನ್ನೊಮ್ಮೆ, ಹೆಂಗಸರು ಮಕ್ಕಳನ್ನು ಇಟ್ಟುಕೊಳ್ಳಿ ಎಂದು ಕೇಳಿದರು, ನಿಮ್ಮ ತಂದೆ ಟ್ರಂಕು ಬೇಕಾದರೆ ಇಡಿ ಎಂದರು ಎನ್ನುತ್ತಾರೆ. ಮನೆಯಲ್ಲಿ ನಾಲ್ಕು ವರ್ಷದ ನಾವು, ಕೈಕೂಸು ತಂಗಿ, ಊರಿಂದ ಬಂದ ಅಜ್ಜಿ. ಭಾಷೆ ಸರಿಯಾಗಿ ಬಾರದ ಊರು. ತಂದೆಯವರನ್ನು ನಾವು ದೂರುವುದಿಲ್ಲ. ಟ್ರಂಕು ನಮ್ಮ ಮಂಚದ ಕೆಳಗೆ ಬಂತು. ಆ ಕುಟುಂಬ ಎದುರು ಸಾಲಿನ ಒಬ್ಬ ಗಢವಾಲಿ ಗುಮಾಸ್ತರ ಮನೆಯಲ್ಲಿ ಮೂರು ರಾತ್ರಿ ಕಳೆಯಿತು. ಹದಿನೈದು ದಿನದ ಮೇಲೆ ಟ್ರಂಕು ಬೀಗ ಸಮೇತ ಹಿಂದಕ್ಕೆ ಹೋಯಿತು. ಅವರು ಒಂದು ಡಬ್ಬಿ ಪಿನ್ನಿ ತಂದು ಕೊಟ್ಟು, ಕೈಮುಗಿದು ಹೋದರು.

ಮೂರು ವರ್ಷ ಕಳೆದು ‘ತಮಸ್’ ಬಂತು. ರಾಜೋ ಬಾಗಿಲು ತೆರೆಯುವ ದೃಶ್ಯ ಬಂದ ರಾತ್ರಿ ತಂದೆಯವರು ನೀರು ಕುಡಿಯಲು ಎದ್ದು ಹೋದರು, ಕಂತು ಮುಗಿಯುವವರೆಗೂ ಹಿಂದಿರುಗಲಿಲ್ಲ. ನಮಗದು ನೆನಪಿದೆ, ಅರ್ಥವಾದದ್ದು ಬಹಳ ತಡವಾಗಿ. ಕನ್ನಡಿಗರಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವ ಹಿರಿಯರಿಗೆ ನಾವು ಇದಕ್ಕಿಂತ ಹೆಚ್ಚು ಏನು ಹೇಳಬೇಕು? ದಿಲ್ಲಿಯ ನೀರು ಕುಡಿದ ಮೇಲೆ ದಿಲ್ಲಿಯ ಲೆಕ್ಕದಲ್ಲಿ ನಾವೂ ಸೇರಿದವರೇ.

ಆ ಜನವರಿಯ ಹೊತ್ತಿಗೆ ದಿಲ್ಲಿಯ ಸುತ್ತಲಿನ ಗಾಳಿ ಹೇಗಿತ್ತೆಂಬುದನ್ನೂ ನೆನೆಯಬೇಕು. 1986ರಲ್ಲಿ ಅಯೋಧ್ಯೆಯ ಬೀಗ ತೆಗೆದಿದ್ದರು. 1987ರ ಮೇ ತಿಂಗಳಲ್ಲಿ ಮೀರತ್ ಉರಿದು, ಹಾಶಿಂಪುರದಿಂದ ಹಿಡಿದು ಒಯ್ದವರನ್ನು ಸಮವಸ್ತ್ರ ತೊಟ್ಟವರೇ ಗುಂಡಿಟ್ಟು ಕೊಂದಿದ್ದರು. ಆ ಮೊಕದ್ದಮೆಯಲ್ಲಿ ದಿಲ್ಲಿ ಹೈಕೋರ್ಟು ಶಿಕ್ಷೆ ವಿಧಿಸಲು 2018 ಬರಬೇಕಾಯಿತು. ಇಂಥ ಹೊತ್ತಿನಲ್ಲಿ ಸರ್ಕಾರದ ಟಿ.ವಿ.ಯೇ ‘ತಮಸ್’ ತೋರಿಸಿತು. ಅದೇ ಸರ್ಕಾರ ಅದೇ ವರ್ಷ ಪತ್ರಿಕೆಗಳ ಬಾಯಿ ಕಟ್ಟಲು ಮಾನಹಾನಿ ಮಸೂದೆ ತಂದು, ಗದ್ದಲವಾದ ಮೇಲೆ ಹಿಂತೆಗೆದುಕೊಂಡಿತು ಎಂಬುದನ್ನೂ ಮರೆಯಬಾರದು. ಸರ್ಕಾರಕ್ಕೆ ಒಂದೇ ಮುಖ ಇರುವುದಿಲ್ಲ, ಇಪ್ಪತ್ತು ವರ್ಷ ಕಡತ ಕಟ್ಟಿದ ನಮಗೆ ಇದು ಗೊತ್ತು.

ಪ್ರತಿಭಟನೆಗಳಾದವು. ನಿಹಲಾನಿಯವರಿಗೆ ಬೆದರಿಕೆ ಬಂದು ಪೊಲೀಸ್ ಕಾವಲು ಬೇಕಾಯಿತು. ಬೊಂಬಾಯಿ ಹೈಕೋರ್ಟಿನಲ್ಲಿ ಅರ್ಜಿ ಬಿದ್ದು ಪ್ರಸಾರಕ್ಕೆ ತಡೆಯಾಜ್ಞೆಯಾಯಿತು. ಮೇಲ್ಮನವಿ ಕೇಳಿದ ನ್ಯಾಯಮೂರ್ತಿಗಳಾದ ಲೆಂಟಿನ್ ಮತ್ತು ಸುಜಾತಾ ಮನೋಹರ್ ಒಂದು ಸರಳವಾದ ಕೆಲಸ ಮಾಡಿದರು. ಕೂತು ಪೂರ್ತಿ ಚಿತ್ರ ನೋಡಿದರು. ನೋಡಿದ ಮೇಲೆ ತಡೆ ತೆರವು ಮಾಡಿದರು. ಓದು ಬರಹ ಬಾರದವರಿಗೆ ವಿವೇಕವೂ ಇಲ್ಲವೆಂದು ಭಾವಿಸಬಾರದು, ಕೆಡುಕನ್ನು ಕಣ್ಣಮುಂದೆ ತೋರಿಸಿದರೆ ಅವರೂ ಗುರುತಿಸಬಲ್ಲರು ಎಂಬ ಅರ್ಥದ ಮಾತನ್ನು ಆ ತೀರ್ಪು ಹೇಳಿತು. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಸವ್ಯಸಾಚಿ ಮುಖರ್ಜಿ ಮತ್ತು ರಂಗನಾಥನ್ ಅದನ್ನೇ ಎತ್ತಿಹಿಡಿದರು. ಒಂದು ಕೃತಿಯ ಪರಿಣಾಮವನ್ನು ಗಟ್ಟಿ ಮನಸ್ಸಿನ ಸಾಧಾರಣ ಮನುಷ್ಯನ ಅಳತೆಯಿಂದ ನೋಡಬೇಕೇ ಹೊರತು ಎಲ್ಲದಕ್ಕೂ ಬೆಚ್ಚಿಬೀಳುವವನ ಅಳತೆಯಿಂದಲ್ಲ ಎಂದರು. ನಮ್ಮ ವಾಚನಾಲಯದ ವಾದ ಕೋರ್ಟಿನಲ್ಲಿ ಆಗಲೇ ಮುಗಿದಿದೆ ಎಂದಾಯಿತು.

ಇಷ್ಟು ಹೊಗಳಿದ ಮೇಲೆ ದೋಷವನ್ನೂ ಹೇಳದಿದ್ದರೆ ವಿಮರ್ಶೆಯಾಗದು. ‘ತಮಸ್’ ಎಲ್ಲದಕ್ಕೂ ಒಂದು ಹಂದಿಯನ್ನು ಮೂಲವಾಗಿ ನಿಲ್ಲಿಸುತ್ತದೆ. ನಾವು ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವರು. ವೇಗವರ್ಧಕ ಎಂಬುದೊಂದಿದೆ, ಚಿಟಿಕೆಯಷ್ಟು ಹಾಕಿದರೆ ಕ್ರಿಯೆ ಬೇಗ ನಡೆಯುತ್ತದೆ. ಆದರೆ ಪ್ರನಾಳದಲ್ಲಿ ಬೇರೆ ದ್ರವ್ಯಗಳೇ ಇಲ್ಲದಿದ್ದರೆ ಅದನ್ನು ಸೇರುಗಟ್ಟಲೆ ಸುರಿದರೂ ಏನೂ ಆಗದು. ಹಂದಿ ಬರೀ ವೇಗವರ್ಧಕ. ದ್ರವ್ಯಗಳು ಎಲ್ಲಿಂದ ಬಂದವು? 1947ರ ಮಾರ್ಚಿ 2ರಂದು ಲಾಹೋರಿನಲ್ಲಿ ಖಿಜ್ರ್ ಹಯಾತ್ ಖಾನರ ಮಂತ್ರಿಮಂಡಲ ರಾಜೀನಾಮೆ ಕೊಟ್ಟದ್ದು, ಪಂಜಾಬಿನ ಗದ್ದುಗೆಗಾಗಿ ನಡೆದ ಹಗ್ಗಜಗ್ಗಾಟ, ದಿಲ್ಲಿಯ ಮಾತುಕತೆಗಳು, ಇವೆಲ್ಲ ಚಿತ್ರದಲ್ಲಿ ದೂರದ ಗುಡುಗಿನಂತೆ ಮಾತ್ರ ಕೇಳುತ್ತವೆ. ಜಿಲ್ಲಾಧಿಕಾರಿ ರಿಚರ್ಡ್ ಪುರಾತತ್ವದ ಗ್ರಂಥ ಓದುತ್ತ, ಕರ್ಫ್ಯೂ ಹಾಕಿರೆಂದು ಊರಿನ ಮುಖಂಡರು ಬೇಡಿಕೊಂಡರೂ ಕೈಕಟ್ಟಿ ಕೂರುತ್ತಾನೆ, ಎಲ್ಲ ಸುಟ್ಟ ಮೇಲೆ ವಿಮಾನ ಹಾರಿಸಿ ಶಾಂತಿ ತರುತ್ತಾನೆ. ಪಾತ್ರ ಚೆನ್ನಾಗಿದೆ, ಆದರೆ ತುಸು ಅನುಕೂಲಕರವಾಗಿದೆ. ಬಿಳಿಯ ಸಾಹೇಬನ ತಲೆಗೆ ಕಟ್ಟಿಬಿಟ್ಟರೆ ನಮ್ಮ ಕೈ ತೊಳೆದಂತಾಯಿತಲ್ಲ! 1984ರಲ್ಲಿ ದಿಲ್ಲಿಯಲ್ಲಿ ಯಾವ ರಿಚರ್ಡ್ ಇದ್ದ? ಇನ್ನೊಂದು ಮಾತು, ಕಾದಂಬರಿಯಲ್ಲಿ ಹಲವರಲ್ಲಿ ಒಬ್ಬನಾದ ನತ್ಥುವನ್ನು ನಿಹಲಾನಿಯವರು ನಾಯಕನಾಗಿ ಬೆಳೆಸಿ, ಬಸುರಿ ಹೆಂಡತಿ, ಬೆನ್ನಮೇಲೆ ಹೊತ್ತ ಮುದಿ ತಾಯಿ ಎಂದು ಕರುಣರಸವನ್ನು ಧಾರಾಳವಾಗಿ ಸುರಿದಿದ್ದಾರೆ. ನೋಡುಗರ ಕಣ್ಣು ತೇವವಾಗುತ್ತದೆ, ಕಾದಂಬರಿಯ ಒಣ ಕಠಿಣತೆ ಕಡಿಮೆಯಾಗುತ್ತದೆ.

ಆ ಕಠಿಣತೆ ಬೇಕಾದವರು ಪುಸ್ತಕದ ಕೊನೆಯ ಭಾಗವನ್ನು ಓದಬೇಕು. ಅಲ್ಲಿ ಪರಿಹಾರ ಸಮಿತಿಯ ಒಬ್ಬ ಗುಮಾಸ್ತನಿದ್ದಾನೆ, ಅಂಕಿ ಅಂಶದ ಬಾಬು. ನಿರಾಶ್ರಿತರು ಒಬ್ಬೊಬ್ಬರೂ ತಮ್ಮ ಕಥೆ ಹೇಳಲು ಬಾಯಿ ತೆರೆಯುತ್ತಾರೆ, ಅವನಿಗೆ ಕಥೆ ಬೇಡ, ಸಂಖ್ಯೆ ಬೇಕು. ಎಷ್ಟು ಸತ್ತರು, ಎಷ್ಟು ಮನೆ ಸುಟ್ಟಿತು, ನಷ್ಟ ಎಷ್ಟು, ಮುಂದಕ್ಕೆ ಹೋಗಿ. ಊರಿನ ಹೆಂಗಸರು ಮಾನ ಕಾಯ್ದುಕೊಳ್ಳಲು ಬಾವಿಗೆ ಹಾರಿದ್ದಾರೆ. ರಾವಲ್ಪಿಂಡಿ ಜಿಲ್ಲೆಯ ಥೋಹಾ ಖಾಲ್ಸಾದಲ್ಲಿ ಹಾಗೆ ನಿಜವಾಗಿಯೂ ನಡೆದಿತ್ತು. ಹೆಂಡತಿಯನ್ನು ಆ ಬಾವಿಯಲ್ಲಿ ಕಳೆದುಕೊಂಡ ಗಂಡನೊಬ್ಬ ಬಾಬುವನ್ನು ಪಕ್ಕಕ್ಕೆ ಕರೆದು, ಅವಳ ಮೈಮೇಲಿನ ಒಡವೆ ತೆಗೆಸಿಕೊಡಿ ಎಂದು ಪಿಸುಗುಡುತ್ತಾನೆ. ಓದುವಾಗ ನಾವು ಪುಸ್ತಕ ಮುಚ್ಚಿಟ್ಟೆವು. ಗಂಡನ ಮಾತಿಗಿಂತ ಬಾಬುವಿನ ಕೆಲಸವೇ ನಮ್ಮನ್ನು ಹೆಚ್ಚು ಕಲಕಿತು. ನಮ್ಮ ಹೊಟ್ಟೆಪಾಡೂ ಅದೇ. ಕೋಷ್ಟಕ ತುಂಬುವುದು, ಮೊತ್ತ ತಾಳೆ ಹಾಕುವುದು, ಮೇಲಕ್ಕೆ ಕಳಿಸುವುದು. 1984ರ ದಿಲ್ಲಿಯಲ್ಲಿ ಸತ್ತವರ ಸಂಖ್ಯೆಯನ್ನು ಆಹೂಜಾ ಸಮಿತಿ 2,733 ಎಂದು ನಿಗದಿ ಮಾಡಿತು. ಆ 2,733ನ್ನೂ ಯಾರೋ ಒಬ್ಬ ಯು.ಡಿ.ಸಿ. ಕೂಡಿಸಿರಬೇಕು, ಇನ್ನೊಬ್ಬ ಸರಿನೋಡಿ ಸಹಿ ಹಾಕಿರಬೇಕು. ಅವರ ಮುಂದೆ ಎಷ್ಟು ಜನ ಬಾಯಿ ತೆರೆದು ನಿಂತಿದ್ದರೋ.

ಕನ್ನಡದಲ್ಲಿ ಇಂಥದು ಏಕಿಲ್ಲ ಎಂಬ ಪ್ರಶ್ನೆ ಸಹಜ. ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’, ‘ಮುಕ್ತ’ಗಳು ರಾಜಕೀಯವನ್ನು ನಮ್ಮ ಮನೆಯ ಪಡಸಾಲೆಗೆ ತಂದವು. ಅವರ ಕೋರ್ಟು ದೃಶ್ಯಗಳನ್ನು ನೋಡಲು ನಾವು ರಾತ್ರಿಯ ಊಟ ಮುಂದೂಡಿದ್ದುಂಟು. ಅಲ್ಲಿ ವಾದವಿದೆ, ನೀತಿಯಿದೆ, ಆದರೆ ಗುಂಪಿನ ಭಯವಿಲ್ಲ. ಭಯದ ಕಥೆ ನಮ್ಮಲ್ಲಿ ಇಲ್ಲವೆಂದಲ್ಲ. ಕಲಬುರ್ಗಿ, ಬೀದರಿನ ಮಿತ್ರರನ್ನು ಕೇಳಿ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ಮಾಡಿದ್ದನ್ನು ಹೇಳುತ್ತಾರೆ. ಅದೇ ವರ್ಷದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬಳಿಕ ಅದೇ ಸೀಮೆಯ ಮುಸಲ್ಮಾನರಿಗೆ ಏನಾಯಿತೆಂಬುದನ್ನು ಮಾತ್ರ ಕೆಲವರೇ ಹೇಳುತ್ತಾರೆ. ಅದು ಸುಂದರಲಾಲ್ ಸಮಿತಿಯ ವರದಿಯಲ್ಲಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಪ್ರಚಾರವಾಗುತ್ತದೆ, ಎರಡನ್ನೂ ಒಂದೇ ಅಟ್ಟದ ಮೇಲೆ ಕೂರಿಸುವ ಕಥೆಗಾರ ಬೇಕು. ರಾವಲ್ಪಿಂಡಿಯಿಂದ ಓಡಿಬಂದ ಸಾಹನಿಯವರು ರಾಜೋಳನ್ನು ಬರೆದರು. ತಮ್ಮನ್ನು ಓಡಿಸಿದವರ ಮನೆಯೊಳಗೇ ಹೋಗಿ ಅವಳನ್ನು ಹುಡುಕಿದರು. ನಮ್ಮವರಲ್ಲಿ ಯಾರಾದರೂ ಗೋರ್ಟಾದ ಕಡೆಗೆ ಹಾಗೆ ಹೋದರೆ ನಾವು ಒಂದಲ್ಲ ಹತ್ತು ಊಟ ಮುಂದೂಡಲು ಸಿದ್ಧ.

ಕಳೆದ ತಿಂಗಳು ‘ತಮಸ್’ ಮತ್ತೆ ನೋಡಿದ್ದು ಮಕ್ಕಳ ಜೊತೆಗೆ, ಎರಡು ರಾತ್ರಿ. ಒಟ್ಟು ಸುಮಾರು ಐದು ಗಂಟೆಯ ಚಿತ್ರ. ನಮ್ಮ ತಾಯಿಯವರೂ ಕೂತಿದ್ದರು. ಕೊನೆಗೆ ನಿರಾಶ್ರಿತರ ಶಿಬಿರದಲ್ಲಿ ನತ್ಥುವಿನ ಹೆಂಡತಿ ಹೆರುತ್ತಾಳೆ, ಹೊರಗೆ ಎರಡೂ ಕಡೆಯ ಘೋಷಣೆ, ಒಳಗೆ ಕೂಸಿನ ಅಳು. ಮಗಳು ಅಜ್ಜಿಯನ್ನು ಕೇಳಿದಳು, “ಅಜ್ಜಿ, ಆ ಸರದಾರ್‌ಜಿ ಮನೆಯವರು ಈಗೆಲ್ಲಿದ್ದಾರೆ?” ತಾಯಿಯವರು, ಮರುವರ್ಷವೇ ವರ್ಗ ಮಾಡಿಸಿಕೊಂಡು ಚಂಡೀಗಢಕ್ಕೆ ಹೋದರು, ಹೋಗುವಾಗ ಆ ಗಢವಾಲಿಗಳ ಮನೆಗೆ ಹೋಗಿ ಹೇಳಿ ಹೋದರು ಎಂದರು. ನಮ್ಮ ಮನೆಗೆ ಬಂದಿದ್ದರೇ ಎಂದು ಮಗಳು ಕೇಳಲಿಲ್ಲ, ನಾವೂ ಕೇಳಲಿಲ್ಲ.

ಕಾರ್ಯಕಾರಿ ಸಮಿತಿಗೆ ಅರ್ಜಿ ಕೊಟ್ಟಿದ್ದೇವೆ. ಎರಡು ಭಾನುವಾರ, ಮಧ್ಯಾಹ್ನ ಎರಡೂವರೆ ಗಂಟೆಯಂತೆ. ಚಿಕ್ಕ ಮಕ್ಕಳನ್ನು ಕರೆತರಬೇಡಿ, ಹನ್ನೆರಡು ದಾಟಿದವರನ್ನು ಕರೆತನ್ನಿ. ಕನ್ನಡಕ ತೆಗೆದಿಟ್ಟ ಆ ಹಿರಿಯರಿಗೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ನಾವೇ ಹಿಡಿದಿಡುತ್ತೇವೆ.